ದಿನನಿತ್ಯ ಚಾಲನೆ

ಮಾಕಳಿಯ ಹೊಂಗೆತೋಪು ಬಡಾವಣೆಯ ಮುಖ್ಯರಸ್ತೆಯಲ್ಲಿ ಹನ್ನೊಂದು ರಸ್ತೆ ಉಬ್ಬುಗಳಿದ್ದು, ಹನ್ನೊಂದೂ ದಿವಂಗತರ ಹೆಸರಿನಲ್ಲಿವೆ. ಬೇರೆ ಊರುಗಳಲ್ಲಿ ಜನ ತೀರಿಕೊಂಡ ಹಿರಿಯರ ಹೆಸರಲ್ಲಿ ಬಸ್ ತಂಗುದಾಣ ಕಟ್ಟಿಸುತ್ತಾರೆ, ದೇವಸ್ಥಾನಕ್ಕೆ ಫ್ಯಾನು ಕೊಟ್ಟು ಅದರ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ. ಇಲ್ಲಿಗೆ ಬಸ್ಸು ಬರುವುದಿಲ್ಲ, ದೇವಸ್ಥಾನದಲ್ಲಿ ಫ್ಯಾನಿಗೆ ಜಾಗ ಉಳಿದಿಲ್ಲ. ಆದ್ದರಿಂದ ನಿವಾಸಿಗಳ ಸಂಘದ ಅಧ್ಯಕ್ಷ ಭಾನುಪ್ರಕಾಶ್ ತಮ್ಮ ಮೊದಲ ಚುನಾವಣೆಯಲ್ಲಿ, ವೋಟು ಹೆಚ್ಚಿರುವ ಮನೆಗೊಂದು ಉಬ್ಬು ಎಂದು ಮಾತು ಕೊಟ್ಟರು. ಗೆದ್ದ ಮೇಲೆ ಮಾತು ಉಳಿಸಿಕೊಂಡರು. ಇಂಥ ನಾಯಕರು ಈಗ ಅಪರೂಪ.

ಮೊದಲ ಉಬ್ಬು ಅವರ ಮನೆಯ ಮುಂದೆಯೇ ಇದೆ. ಅದು ಅವರ ತಂದೆ ನಲ್ಲಪ್ಪನವರ ಸ್ಮರಣಾರ್ಥ. ವರ್ಷಕ್ಕೊಮ್ಮೆ ತಾಯಿ ಸೊಣ್ಣಮ್ಮ ಅದಕ್ಕೆ ಸುಣ್ಣ ಬಳಿಸಿ, ಹೂವಿಟ್ಟು, ಎಡೆ ಇಡುತ್ತಾರೆ. ಉಳಿದ ದಿನಗಳಲ್ಲಿ ದಾರಿಹೋಕರು ದಡಕ್ಕನೆ ಬ್ರೇಕ್ ಹಾಕಿ ಹಿರಿಯರನ್ನು ನೆನೆಯುತ್ತಾರೆ. ಯಾವ ಮಾತಿನಲ್ಲಿ ನೆನೆಯುತ್ತಾರೆ ಎಂಬುದು ಇಲ್ಲಿ ಅಪ್ರಸ್ತುತ.

ಹೀಗಿರಲಾಗಿ ಭಾನುಪ್ರಕಾಶರಿಗೆ ಸ್ಪೋರ್ಟ್ಸ್ ಕಾರಿನ ಆಸೆ ಹುಟ್ಟಿತು. ಪೀಣ್ಯದಲ್ಲಿ ಅವರದೊಂದು ಶೆಡ್ಡಿದೆ. ಅಲ್ಲಿ ಕೆಲಸ ಮಾಡುವವರು ಬಾಡಿಗೆದಾರರು. ಇವರು ದಿನಾ ಹೋಗಿ ಕುರ್ಚಿಯ ಮೇಲೆ ಕೂತು ಬರುತ್ತಾರೆ. ಹೋಗುವುದು ಹೆಂಡತಿ ಧನಲಕ್ಷ್ಮಿಯ ಸ್ಕೂಟರಿನ ಹಿಂದೆ, ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಒಂದೇ ಒಂದು ದಿನ ತಾವೇ ಕೆಂಪು ಕಾರು ಓಡಿಸಿಕೊಂಡು ಹೋಗಿ ಶೆಡ್ಡಿನ ಮುಂದೆ ಇಳಿಯಬೇಕು, ಲೇತ್ ಮಷಿನ್ನುಗಳು ನಿಲ್ಲಬೇಕು, ಎಲ್ಲರೂ ಹೊರಗೆ ಬಂದು ನೋಡಬೇಕು. ಆಸೆ ಇಷ್ಟೇ. ನಗುವವರು ನಗಲಿ, ಐವತ್ತು ದಾಟಿದ ಗಂಡಸಿಗೆ ಇದಕ್ಕಿಂತ ಪ್ರಾಮಾಣಿಕವಾದ ಆಸೆ ಇನ್ನೊಂದಿಲ್ಲ. ಆದರೆ ಸಂಘದ ಚುನಾವಣೆ ಮತ್ತೆ ಹತ್ತಿರ ಬಂದಿತ್ತು. ಎದುರಾಳಿ ಚಿರಂಜೀವಿ ಮನೆಮನೆಗೂ ಹೋಗಿ ಕೈ ಮುಗಿಯುತ್ತಿದ್ದ. ಕಾರೂ ಬೇಕು, ಕುರ್ಚಿಯೂ ಉಳಿಯಬೇಕು.

ತುಮಕೂರು ರಸ್ತೆಯ ಹಳೇ ಕಾರುಗಳ ವ್ಯಾಪಾರಿ ಮುರಳಿ ಎರಡು ಕಾರುಗಳನ್ನು ಎತ್ತುವ ಲಾರಿಯಲ್ಲಿ ತಂದು ಮನೆಯ ಮುಂದೆ ಇಳಿಸಿದ. ಒಂದು ಇತ್ತೀಚಿನದು. ಅದರ ಮೊದಲ ಯಜಮಾನ ಬೆಳ್ಳಂದೂರಿನ ಸಾಫ್ಟ್‌ವೇರ್‌ನವನು. ಇಡೀ ಮೂರು ವರ್ಷ ಸಿಗ್ನಲ್ಲುಗಳಲ್ಲೇ ಕಳೆದಿದ್ದರಿಂದ ಮೊದಲ ಗೇರು ಮಾತ್ರ ಸವೆದಿದೆ, ಉಳಿದವು ಮುಟ್ಟಿದರೆ ಮಾಸುವಷ್ಟು ಹೊಸವು ಎಂದು ಮುರಳಿ ವಿವರಿಸಿದ. ಇನ್ನೊಂದು ಹಳೆಯದು. ಅದರಲ್ಲಿ ಎಲೆಕ್ಟ್ರಾನಿಕ್ ಕಿರಿಕಿರಿಯಿಲ್ಲ, ಏನು ಮುರಿದರೂ ಪೀಣ್ಯದಲ್ಲಿ ಮಾಡಿಸಿಕೊಳ್ಳಬಹುದು, ಮತ್ತು ಮುರಿಯುತ್ತದೆ. ದಿನನಿತ್ಯದ ಓಡಾಟಕ್ಕೆ ಯಾವುದು ಒಳ್ಳೆಯದೆಂದು ಭಾನುಪ್ರಕಾಶರು ಕೇಳಿದಾಗ ಅವನು, ಕೊಳ್ಳುವವರ ಮನಸ್ಸು ಯಾವ ಕಡೆ ವಾಲುತ್ತದೋ ಅದು ಎಂದ.

ಪರೀಕ್ಷೆಗೆಂದು ಮುರಳಿಯೇ ಕೂತು ಹೊಸದನ್ನು ಹೊರಡಿಸಿದ. ಅದು ನಲ್ಲಪ್ಪನವರ ಉಬ್ಬಿನ ಮೇಲೆ ಹೊಟ್ಟೆ ಊರಿ ನಿಂತಿತು. ಎಳೆದು ಹಿಂದಕ್ಕೆ ತಂದು ಹಳೆಯದನ್ನು ಬಿಟ್ಟರು. ಅದೂ ಅಲ್ಲೇ ನಿಂತಿತು. ಹಲಗೆ ಹಾಕಿದರು, ಹಲಗೆ ಮುರಿಯಿತು. ಸದ್ದು ಕೇಳಿ ಸೊಣ್ಣಮ್ಮ ಹೊರಗೆ ಬಂದರು.

"ನಿಮ್ಮಪ್ಪ ಬದುಕಿದ್ದಾಗ ಅವರ ಮುಂದೆ ಜೋರಾಗಿ ಉಸ್ರು ಬಿಡ್ತಿರ್ಲಿಲ್ಲ ನೀನು. ಈಗ ಅವರ ಬೆನ್ ಮ್ಯಾಲೇ ಕಾರು ಉಜ್ತೀಯಾ? ಅದ್ಯಾವ ಕಾರ್ಲಾ ಅದು, ಒಟ್ಟೆ ನೆಲಕ್ಕಾಕ್ಕಂಡು ಓಗೋದು?"

ತಾಯಿಯ ಮಾತು ಹಾಗಿರಲಿ, ಉಳಿದ ಹತ್ತು ಮನೆಯವರಾದರೂ ತಮ್ಮ ತಮ್ಮ ಉಬ್ಬನ್ನು ಕೊಂಚ ಕೆತ್ತಲು ಒಪ್ಪುತ್ತಾರೇನೋ ಎಂದು ಅಧ್ಯಕ್ಷರು ಸಂಜೆಯೆಲ್ಲ ಮನೆಮನೆ ಸುತ್ತಿದರು. ದೇವಕ್ಕ ತಮ್ಮ ಅತ್ತೆಯ ಉಬ್ಬನ್ನು ಮುಟ್ಟಬಾರದೆಂದರು. ಬದುಕಿದ್ದಾಗ ಅತ್ತೆಯೊಡನೆ ಅವರು ಮಾತು ಬಿಟ್ಟಿದ್ದು ಬೇರೆ ವಿಷಯ. ಇನ್ನೊಂದು ಮನೆಯವರು, ಬೇಕಾದರೆ ನಮ್ಮದನ್ನು ಇನ್ನೂ ಸ್ವಲ್ಪ ಎತ್ತರಿಸಿಕೊಡಿ, ಪಕ್ಕದವರದು ದೊಡ್ಡದಿದೆ ಎಂದರು. ಎಲ್ಲರೂ ಕಾಫಿ ಕೊಟ್ಟರು. ಉಬ್ಬು ಕೆತ್ತಿದರೆ ವೋಟು ಹೋಗುತ್ತದೆ, ಕೆತ್ತದಿದ್ದರೆ ಕಾರು ಹೋಗುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಅವರಿಗೆ ಗೊತ್ತಿತ್ತು. ಅದು ಅನ್ವಯವಾಗುವುದು ಬೇರೆಯವರಿಗೆ ಎಂದು ಅವರು ಈವರೆಗೆ ತಿಳಿದಿದ್ದರು.

ಕೊನೆಗೆ ಸಂಘದ ಕಾರ್ಯದರ್ಶಿ ಮುರಿಗೆಪ್ಪನವರ ಮೊರೆ ಹೋದರು. ಮುರಿಗೆಪ್ಪನವರು ರಾಣೆಬೆನ್ನೂರಿನ ಕಡೆಯವರು, ಸರ್ಕಾರಿ ಕಚೇರಿಯೊಂದರಲ್ಲಿ ಟಿಪ್ಪಣಿ ಬರೆದು ಬರೆದು ನಿವೃತ್ತರಾಗಿ ಬಡಾವಣೆಯ ಅಂಚಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಯಾವ ಸಮಸ್ಯೆಯನ್ನೂ ಅವರು ಸುತ್ತೋಲೆ ಹೊರಡಿಸದೆ ಬಿಟ್ಟವರಲ್ಲ. ಅಂದು ರಾತ್ರಿಯೇ ಸದಸ್ಯರೆಲ್ಲರ ಫೋನಿಗೆ ಈ ಪ್ರಕಟಣೆ ತಲುಪಿತು:

"ಮಾನ್ಯ ಅಧ್ಯಕ್ಷರು ಖರೀದಿಸಲು ಉದ್ದೇಶಿಸಿರುವ ಕ್ರೀಡಾ ಕಾರಿನ ದಿನನಿತ್ಯ ಚಾಲನೆಗೆ ಸಮಸ್ತ ಸದಸ್ಯರು ಸಹಕರಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಉಬ್ಬಿನವರು ಇದನ್ನು ಓದಿ ಮೆತ್ತಗಾಗುತ್ತಾರೆಂಬುದು ಲೆಕ್ಕಾಚಾರ. ಆದರೆ ಪತ್ರಿಕೆ ಓದುವ ಜನಕ್ಕೆ ಚಾಲನೆ ಎಂದರೆ ಒಂದೇ ಅರ್ಥ. ಶಿಬಿರಕ್ಕೆ ಚಾಲನೆ, ಅಭಿಯಾನಕ್ಕೆ ಚಾಲನೆ, ಗಣ್ಯರಿಂದ ಚಾಲನೆ. ಬೆಳಗಾಗುವಷ್ಟರಲ್ಲಿ ಅಧ್ಯಕ್ಷರ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ದೇವಕ್ಕ ಆರತಿ ತಟ್ಟೆ ತಂದಿದ್ದರು. ಕ್ರೀಡಾ ಎಂಬ ಪದ ನೋಡಿ ಹುಡುಗರು ಕ್ರಿಕೆಟ್ ಬ್ಯಾಟು ಕೇಳಲು ಬಂದಿದ್ದರು. ಚಿರಂಜೀವಿಯೂ ಹಾರ ಹಿಡಿದು ಬಂದಿದ್ದ, ಬಾರದಿದ್ದರೆ ಹೊಟ್ಟೆಕಿಚ್ಚು ಎಂದಾರೆಂದು.

ಅಂದು ಹಿರಿಯ ಸದಸ್ಯರೊಬ್ಬರನ್ನು ಮುಖ್ಯ ಅತಿಥಿಯೆಂದು ಹೊಸ ಕಾರಿನಲ್ಲಿ ಕೂರಿಸಿ ಗುಂಡಿ ಒತ್ತಿಸಲಾಯಿತು. ಕಾರು ಚಾಲನೆಗೊಂಡಿತು. ಆದರೆ ಹೇಳಿಕೊಳ್ಳುವಂಥ ಸದ್ದಾಗಲಿಲ್ಲ. ಜನ ಕಾದರು, ಆಯ್ತಾ ಎಂದು ಪರಸ್ಪರ ಕೇಳಿಕೊಂಡರು, ಅರ್ಧ ಮನಸ್ಸಿನಿಂದ ಚಪ್ಪಾಳೆ ತಟ್ಟಿ ಉಪ್ಪಿಟ್ಟಿನ ಕಡೆ ನಡೆದರು. ಭಾನುಪ್ರಕಾಶರಿಗೆ ಇದರಿಂದ ಸಂತೋಷವೇ ಆಯಿತು. ಒಂದು ದಿನದ ಗೌರವ, ಇರಲಿ ಎಂದುಕೊಂಡರು.

ಮರುದಿನವೂ ಜನ ಬಂದರು. ಪ್ರಕಟಣೆಯಲ್ಲಿ ದಿನನಿತ್ಯ ಎಂದಿತ್ತು. ಈ ಸಲ ಹಳೆಯ ಕಾರಿನ ಕೀಲಿ ತಿರುಗಿಸಲಾಯಿತು. ಎರಡು ಬಾರಿ ಕೆಮ್ಮಿ ಮೂರನೆಯದಕ್ಕೆ ಅದು ಗುಡುಗಿದ ರೀತಿಗೆ ತಂತಿಯ ಮೇಲಿನ ಪಾರಿವಾಳಗಳು ಎದ್ದವು, ಶಾಮಿಯಾನ ನಡುಗಿತು, ಹೊಗೆ ಗಣ್ಯರನ್ನು ಕವಿಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ದಿನನಿತ್ಯದ ಚಾಲನೆಗೆ ಹಳೆಯ ಸ್ಪೋರ್ಟ್ಸ್ ಕಾರೇ ಸೂಕ್ತವೆಂದು ಸಭೆ ಅಲ್ಲೇ ತೀರ್ಮಾನಿಸಿತು. ಭಾನುಪ್ರಕಾಶರು ಅದನ್ನೇ ಕೊಂಡರು. ಹೊಸದು ಲಾರಿ ಹತ್ತಿ ವಾಪಸು ಹೋಯಿತು.

ವಾರ ಕಳೆದ ಮೇಲೆ ಅವರು ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದರು. "ಸಾರ್, ಚಾಲನೆ ಅಂದ್ರೆ ಓಡ್ಸೋದು ಅಂತಲೇ ತಾನೇ ನೀವು ಬರ್ದಿದ್ದು? ಎಲ್ರಿಗೂ ಹೇಳ್ಬಿಡಿ. ನನ್ ಕಾರಲ್ಲಿ ನಾನು ಒಂದ್ಸಲನೂ ಕೂತಿಲ್ಲ ಕಣ್ರೀ."

"ಎರಡೂ ಅರ್ಥ ಅದಾವ್ರಿ ಸಾಹೇಬ್ರ," ಎಂದರು ಮುರಿಗೆಪ್ಪ. "ಯಾವುದು ಖರೇ ಅನ್ನೂದು ಬಹುಮತದ ಮ್ಯಾಲೆ ನಿಂತೈತಿ. ತಿದ್ದುಪಡಿ ಮಾಡಬೇಕಂದ್ರ ನಾವು ತಪ್ಪು ಬರದೀವಿ ಅಂತ ಒಪ್ಪಿಕೋಬೇಕಾಗ್ತದ. ಚುನಾವಣಿ ಮುಂದ ಬ್ಯಾಡ."

ಅಲ್ಲದೆ ಆತಿಥೇಯರು ತಮ್ಮದೇ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಯಾಗಬಾರದೆಂಬ ನಿಯಮವಿದೆಯಂತೆ. ನಿಯಮ ಎಲ್ಲಿದೆ ಎಂದು ಕೇಳಿದ್ದಕ್ಕೆ, ನಾಳೆಯಿಂದ ಜಾರಿಯಲ್ಲಿರುತ್ತದೆ ಎಂದು ಮುರಿಗೆಪ್ಪ ತಿಳಿಸಿದರು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಬಡಾವಣೆಯ ಒಬ್ಬೊಬ್ಬರು ಸ್ಟೇರಿಂಗ್ ಹಿಡಿದರು, ಭಾನುಪ್ರಕಾಶರು ಬಾಗಿಲು ತೆಗೆದು ಶಾಲು ಹೊದಿಸಿದರು. ಹಾಲಿನವನೂ ಚಾಲನೆ ನೀಡಿದ. ಚಿರಂಜೀವಿ ತನ್ನ ಸರದಿಯಂದು ಸೀಟಿನಿಂದ ಇಳಿಯುವಾಗ ಭಾವುಕನಾಗಿ, ಇಂಥ ಅಧ್ಯಕ್ಷರ ಎದುರು ನಿಲ್ಲುವುದು ತನಗೆ ಶೋಭೆಯಲ್ಲವೆಂದು ನಾಮಪತ್ರ ಹಿಂದಕ್ಕೆ ಪಡೆದ. ಭಾನುಪ್ರಕಾಶರು ಅವಿರೋಧವಾಗಿ ಆಯ್ಕೆಯಾದರು.

ಆಯ್ಕೆಯಾದ ಮರುದಿನ ಗೌರವಪೂರ್ವಕವಾಗಿ ನಿಯಮ ಸಡಿಲಿಸಿ ಅವರನ್ನೇ ಕಾರಿನಲ್ಲಿ ಕೂರಿಸಲಾಯಿತು. ಮೊದಲ ಸಲ ಆ ಸ್ಟೇರಿಂಗ್ ಅವರ ಕೈಗೆ ಸಿಕ್ಕಿತು. ಕೀಲಿ ತಿರುಗಿಸಿದರು. ಎಂಜಿನ್ನಿನ ನಡುಕ ಅಂಗಾಲಿನಿಂದ ಎದೆಗೆ ಏರಿತು, ಕಣ್ಣು ತೇವವಾಯಿತು. ಇನ್ನು ಕುರ್ಚಿಯ ಚಿಂತೆಯಿರಲಿಲ್ಲ. ಹಾರೆ ತರಿಸಿ ಹನ್ನೊಂದನ್ನೂ ಕಿತ್ತೆಸೆದರೂ ಐದು ವರ್ಷ ಕೇಳುವವರಿಲ್ಲ. ಈ ವಿಚಾರ ಅವರಿಗೆ ಹೊಳೆದದ್ದೂ ನಿಜ. ಅಷ್ಟರಲ್ಲಿ ಮುರಿಗೆಪ್ಪನವರು ಕಿಟಕಿಯೊಳಗೆ ಮೈಕು ತೂರಿಸಿ, ಚಾಲನೆ ನೀಡಿದವರು ಎರಡು ಮಾತಾಡಬೇಕೆಂದು ವಿನಂತಿಸಿದರು.

ಎಂಜಿನ್ನಿನ ಗದ್ದಲದಲ್ಲಿ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ. ಭಾನುಪ್ರಕಾಶರು ಒಂದು ಕ್ಷಣ ಕೀಲಿಯನ್ನೂ ಇನ್ನೊಂದು ಕ್ಷಣ ಮೈಕನ್ನೂ ನೋಡಿದರು. ಆಮೇಲೆ ತಾವೇ ಕೈಯಾರೆ ಎಂಜಿನ್ ಆರಿಸಿ, ಗಂಟಲು ಸರಿಮಾಡಿಕೊಂಡು, ವೇಗವಾಗಿ ಮುನ್ನುಗ್ಗುತ್ತಿರುವ ನಮ್ಮ ಬಡಾವಣೆ ಎಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತಾಡಿದರು. ಎಲ್ಲರೂ ಕೂತು ಕೇಳಿದರು. ಉಪ್ಪಿಟ್ಟು ಆರಿಹೋಗಿತ್ತು, ಆದರೂ ತಿಂದರು.