ಸೆರಗಿನ ಚೂರಿನಲ್ಲಿ ಕರೆಂಟು

ನಮ್ಮ ಮಾಮಾನ ಎದುರು ನೀವು ಸೀನಬಾರದು. ಸೀನಿದಿರೋ, "ತಡಿ ತಡಿ, ಇನ್ನೊಮ್ಮೆ ಸೀನು!" ಎಂದು ಓಡಿಬಂದು ನಿಮ್ಮ ಕುತ್ತಿಗೆಗೆ ಒಂದು ಪಟ್ಟಿ ಅಂಟಿಸಿಬಿಡುತ್ತಾರೆ. ಬಂದ ಸೀನೂ ಹೆದರಿ ವಾಪಸು ಹೋಗುತ್ತದೆ!

ಧಾರವಾಡದಿಂದ ಬಂದು, ವಿಲೆ ಪಾರ್ಲೆಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದು ನಿವೃತ್ತರಾದವರು ಇವರು. ಕಾಲೇಜು ಗುಜರಿಗೆ ಹಾಕಿದ್ದ, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು ಈಗ ಅವರ ಮನೆಯಲ್ಲಿ, ಟಿ.ವಿ. ಇರಬೇಕಾದ ಜಾಗದಲ್ಲಿ ಕೂತಿದೆ. ಪಟ್ಟಿಯ ತಂತಿಯನ್ನು ಅದಕ್ಕೆ ಸಿಕ್ಕಿಸಿ ನೀವು ಸೀನಿದರೆ ಪರದೆಯ ಮೇಲೆ ಹಸಿರು ಗೆರೆ ಜಿಗಿಯುತ್ತದೆ. ಪಟ್ಟಿಗೆ ಸೆಲ್ ಇಲ್ಲ, ಪ್ಲಗ್ ಇಲ್ಲ! ಒಂದು ಚೂರು ರೇಷ್ಮೆ, ಪ್ಲಂಬರ್ ನಲ್ಲಿಗೆ ಸುತ್ತುವ ಬಿಳಿ ಟೇಪು, ಚಪಾತಿ ಕಟ್ಟುವ ಫಾಯಿಲ್, ಇಷ್ಟೇ. ನೈಲಾನ್ ಬಟ್ಟೆ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಅದೇ ವಿದ್ಯುತ್ತು. ಪಟ್ಟಿ ಬಾಗಿ ಪದರಗಳು ಒಂದಕ್ಕೊಂದು ತಾಗಿ ದೂರವಾದರೆ ಸಾಕು, ತಾನೇ ಹುಟ್ಟುತ್ತದೆ. ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ.

ಈ ಹುಚ್ಚು ಹಿಡಿದದ್ದು ಮಾಮಿಯ ಕೈಯಿಂದ. ಲಕ್ವಾ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಬಾಯಿಗೇನೂ ಆಗಲಿಲ್ಲ, ಅದು ಮಾಮಾನ ಪುಣ್ಯವೋ ಪಾಪವೋ! ಆರು ತಿಂಗಳಾದರೂ ಒಂದು ಬೆರಳೂ ಅಲುಗಲಿಲ್ಲ. ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗಿ, ಈ ತಿಂಗಳೂ ಏನೂ ಕಾಣದಿದ್ದರೆ ಬಲಗೈ ಆಸೆ ಬಿಟ್ಟು ಎಡಗೈಗೇ ಕೆಲಸ ಕಲಿಸೋಣ ಎಂದಳು.

"ಇನ್ನೂ ಒಂದ್ ತಿಂಗಳ ಅದ ಅಲ್ಲ? ಸಾಕು! ಕಣ್ಣಿಗೆ ಕಾಣದ ಅಲುಗಾಟ ಹಿಡಿಯೋ ಪಟ್ಟಿ ಮಾಡ್ತೀನಿ!" ಎಂದು ಮಾಮಾ ಕತ್ತರಿ ಹಿಡಿದರು.

ರೇಷ್ಮೆ ಎಲ್ಲಿಂದ ಬಂತು ಅಂತೀರಿ? ಮಾಮಿಯ ಮದುವೆಯ ಇಳಕಲ್ ಸೀರೆಯ ಸೆರಗಿನಿಂದ!

"ಇಷ್ಟ್ ದೊಡ್ಡ ಮುಂಬಯ್ಯಾಗ ನಿಮಗ ಬ್ಯಾರೆ ರೇಷ್ಮಿ ಸಿಗಲಿಲ್ಲೇನ್ರಿ?" ಮಾಮಿ ಕೂಗಿದರು.

"ಸಿಗತದ. ಆದ್ರ ಇಷ್ಟ್ ಹಳೇದು, ಇಷ್ಟ್ ಮೆತ್ತಂದು ಸಿಗಂಗಿಲ್ಲ."

"ಹಳೇದು ಅಂದದ್ದು ಸೀರಿಗೋ, ನನಗೋ?"

ಮಾಮಾ ಕತ್ತರಿ ಸಮೇತ ಬಾಲ್ಕನಿಗೆ ಪರಾರಿ.

ಮಾಮಿಯ ಕೈಗೆ ಕಟ್ಟುವ ಮೊದಲು ಪರೀಕ್ಷೆ ಬೇಡವೇ? ಬಗಲಿಗೆ ಅಂಗೈಯಗಲದ ಪಟ್ಟಿ, ಶರ್ಟಿನ ಜೇಬಿಗೆ ಸಾಸಿವೆಯಷ್ಟು ಕೆಂಪು ದೀಪ ಸಿಕ್ಕಿಸಿಕೊಂಡು ಮಾಮಾ ನನ್ನನ್ನೂ ಎಳೆದುಕೊಂಡು ಬೆಳಗಿನ ಲೋಕಲ್ ಹತ್ತಿದರು, ಅಂಧೇರಿಯಿಂದ ಬಾಂದ್ರಾಕ್ಕೆ. ಆ ಹೊತ್ತಿನ ಗರ್ದಿ ಕೇಳಬೇಕೇ? ಒಂದೊಂದು ಧಕ್ಕೆಗೂ ಮಾಮಾನ ಎದೆಯ ಮೇಲೆ ದೀಪ ಪಕ್ ಎಂದು ಹತ್ತಿ ಆರುತ್ತಿತ್ತು.

"ಕಾಕಾ, ಯೇ ಕ್ಯಾ ಜಲ್ ರಹಾ ಹೈ?" ಎಂದು ಪಕ್ಕದವನು ದೀಪ ತೋರಿಸಿ ಕೇಳಿದ.

"ಆಪ್ ಕಾ ಧಕ್ಕಾ!" ಮಾಮಾ ಹೆಮ್ಮೆಯಿಂದ ಎದೆಯುಬ್ಬಿಸಿದರು. "ಔರ್ ಏಕ್ ದೋ!"

ಇನ್ನೊಂದು ಕೊಡಿ ಎಂದದ್ದೇ ತಡ, ಡಬ್ಬಿಯಲ್ಲಿದ್ದವರೆಲ್ಲ ಧಾರಾಳವಾಗಿ ಕೊಟ್ಟರು. ಆ ದಾನ ಮುಗಿಯುವಷ್ಟರಲ್ಲಿ ಬಾಂದ್ರಾ ದಾಟಿ ಹೋಗಿತ್ತು, ದಾದರ್‌ನಲ್ಲಿ ಇಳಿದೆವು. ನಾನು ನಾಚಿ ಮುಖ ಮುಚ್ಚಿಕೊಳ್ಳಬೇಕಿತ್ತು, ಆದರೆ ಬಾಯಿ ತೆರೆದು ನೋಡುತ್ತಿದ್ದೆ. ಇಷ್ಟು ವರ್ಷ ನಾನು ತಿಂದ ಧಕ್ಕೆಗಳಲ್ಲೆಲ್ಲ ಬೆಳಕಿತ್ತೇ! ಯಾರೂ ಹೇಳಿರಲಿಲ್ಲವಲ್ಲ!

ತಿಂಗಳ ಕೊನೆಯ ಭಾನುವಾರ ಬಂತು. ಗಾಳಿಗೆ ಪಟ್ಟಿ ಅಲುಗುತ್ತದೆಂದು ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಬಂದ್. ಮಾಮಿಯ ತೋರುಬೆರಳಿಗೆ ಪಟ್ಟಿ ಕಟ್ಟಿ, ಆ ಅಂಗೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಮಾಮಾ, "ಹೂಂ, ಮಡಚು" ಎಂದರು.

ಗೆರೆ ಜಿಗಿಯಿತು! ಒಂದೇ ಸಮನೆ ಕುಣಿಯತೊಡಗಿತು. "ಬಂತು! ಕೈ ಬಂತು!" ಎಂದು ಮಾಮಾ ಕೂಗಿದರು. ನಾನೂ ಚಪ್ಪಾಳೆ ತಟ್ಟಿದೆ.

"ಅಲ್ರೀ," ಮಾಮಿ ಮೆಲ್ಲಗೆ ಹೇಳಿದರು, "ಅದು ನಿಮ್ಮ ಕೈ ನಡಗ್ಲಿಕತ್ತದ. ನಂದು ಬಿಡ್ರಿ ಮೊದಲ."

ಲ್ಯಾಬಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ "ಅಳೆಯೋ ವಸ್ತು ಮುಟ್ಟಬ್ಯಾಡ್ರೋ" ಎಂದು ಬೈದವರು ತಾವೇ ಮುಟ್ಟಿಕೊಂಡು ಕೂತಿದ್ದರು! ಮಾಮಾ ಆ ಕೈಯನ್ನು ದಿಂಬಿನ ಮೇಲೆ ಇಟ್ಟು ದೂರ ಸರಿದರು. ಗೆರೆ ಚಪ್ಪಟೆಯಾಯಿತು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಸುಮ್ನ ಮೂರರ ತನಕ ಎಣಸ್ರಿ," ಎಂದರು ಮಾಮಿ.

"ಒಂದು... ಎರಡು... ಮೂರು."

ಮೂರಕ್ಕೆ ಸರಿಯಾಗಿ ಗೆರೆಯಲ್ಲೊಂದು ಸಣ್ಣ ಉಬ್ಬು. ನಾನು ಬೆರಳನ್ನೇ ನೋಡುತ್ತಿದ್ದೆ. ಅದು ಕದಲಿದ್ದು ಕಾಣಲೇ ಇಲ್ಲ. ಮಾಮಾ ಮತ್ತೆ ಎಣಿಸಿದರು. ಮತ್ತೆ ಮೂರಕ್ಕೇ ಉಬ್ಬು. ಇನ್ನೊಮ್ಮೆ ಎಣಿಸಿದರು, ಇನ್ನೊಮ್ಮೆಯೂ ಬಂತು.

"ಯಾವಾಗಿಂದ?" ಮಾಮಾ ಪರದೆ ಬಿಟ್ಟು ಮಾಮಿಯ ಕಡೆ ತಿರುಗಿದರು.

"ದಿನಾ ಮುಂಜಾನೆ ಎಬ್ಬಿಸಿ ಕೂಡಸ್ಲಿಕ್ಕೆ ನೀವು ಈ ಕೈ ಹಿಡೀತೀರಲ್ಲ," ಎಂದರು ಮಾಮಿ, "ಆವಾಗೆಲ್ಲಾ ನಾನೂ ಹಿಡೀತಿದ್ದೆ. ನಿಮಗ ಗೊತ್ತಾಗ್ತಿದ್ದಿಲ್ಲ."