ಸಹೋದ್ಯೋಗಿಗಳ ಒಪ್ಪಿಗೆ

ಕನಕಪುರದ ಆ ಕಚೇರಿಯಲ್ಲಿ ಮಂಜೂರಾದ ಮೂರು ಹುದ್ದೆಗಳೂ ಸಮರ್ಥವಾಗಿ ನಿರ್ವಹಣೆಯಾಗುತ್ತಿವೆ ಎಂದು ಮೇಲಿನವರಿಗೆ ವರದಿ ಹೋಗಿ ನಾಲ್ಕು ವರ್ಷವಾಗಿತ್ತು. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಮೂರು ಮೇಜಿನಲ್ಲೂ ಕೂರುತ್ತಿದ್ದವರು ನಾಗಲಕ್ಷ್ಮಮ್ಮ.

ಒಂದನೇ ಮೇಜಿನಲ್ಲಿ ಟಪಾಲು ತೆಗೆದುಕೊಂಡು, ಅದಕ್ಕೆ ಮೊಹರು ಒತ್ತಿ, ಎದ್ದು ಹೋಗಿ ಸಿಬ್ಬಂದಿ ಶಾಖೆಯಾದ ಎರಡನೇ ಮೇಜಿನಲ್ಲಿ ಕೂತು ಅದನ್ನೇ ಸ್ವೀಕರಿಸುವರು. ಆಮೇಲೆ ಮೂರನೇ ಮೇಜಿಗೆ ಹೋಗಿ ಕಡತಕ್ಕೆ ಸೇರಿಸುವರು. ಅಟೆಂಡರ್ ಅಸದುಲ್ಲಾ ಅವರಿಗೆ ಟೀ ತರುತ್ತಿದ್ದ. ಮೂರು ಮೇಜಿಗೂ ಸೇರಿ ಮಂಜೂರಾಗಿದ್ದುದು ಒಂದೇ ಲೋಟ.

ಮಾಗಡಿಯಲ್ಲಿದ್ದ ಮಗಳಿಗೆ ಎರಡನೇ ಹೆರಿಗೆಯ ದಿನ ಹತ್ತಿರ ಬಂತು. ಮೊದಲನೆಯದು ತುಂಬ ಕಷ್ಟವಾಗಿದ್ದರಿಂದ ಹುಡುಗಿ ಹೆದರಿದ್ದಳು. ನಾಗಲಕ್ಷ್ಮಮ್ಮ ನಾಲ್ಕು ದಿನದ ರಜೆ ಬರೆದುಕೊಂಡು ವ್ಯವಸ್ಥಾಪಕ ದೊಡ್ಡಮುನಿಯಪ್ಪನವರ ಮುಂದೆ ನಿಂತರು.

"ಹೋಗ್ಬನ್ನಿ ತಾಯಿ, ಯಾರ್ ಬ್ಯಾಡ ಅಂದೋರು?" ಎಂದರು ಅವರು. "ನಿಯಮ ಹದಿನಾಲ್ಕರ ಪ್ರಕಾರ ಮಿಕ್ಕ ಎರಡು ಮೇಜಿನೋರು ಒಪ್ಪಿಗೆ ಬರೆದುಕೊಡ್ಬೇಕು, ಅಷ್ಟೇಯ."

"ಸಾರ್, ಆ ಇಬ್ರೂ ನಾನೇ ಅಲ್ವಾ?"

"ಇನ್ನೂ ಸಲೀಸಾಯ್ತಲ್ಲ! ಅವರು ಎಲ್ಲಿಗೂ ಹೋಗಿಲ್ಲ. ಒಸಿ ನಯವಾಗಿ ಕೇಳಿ."

ಹೊರಟವರನ್ನು ದೊಡ್ಡಮುನಿಯಪ್ಪ ಮತ್ತೆ ಕರೆದರು. "ಒಂದ್ ಮಾತು. ನಿಮ್ಮ ಕೆಲಸಾನೂ ನೋಡ್ಕೋತೀವಿ ಅಂತ ಅವರು ಬರೆದ್ರೆ, ಅವರಿಗೆ ಕೆಲಸ ಕಮ್ಮಿ ಐತೆ ಅಂತ ಅರ್ಥ. ಆಗ ಹಾರೋಹಳ್ಳಿ ಕಚೇರಿ ಕಡತಗಳನ್ನೂ ಇಲ್ಲಿಗೇ ತರುಸ್ಬೇಕಾಯ್ತದೆ. ಯೋಚ್ನೆ ಮಾಡಿ ಬರೀಲಿ."

ನಾಗಲಕ್ಷ್ಮಮ್ಮ ಎರಡನೇ ಮೇಜಿನಲ್ಲಿ ಕೂತು ತಮ್ಮ ಅರ್ಜಿಯನ್ನು ಓದಿದರು. ಅರ್ಜಿದಾರರ ಮೇಲೆ ಕನಿಕರ ಹುಟ್ಟಿತು. ಆದರೆ ಎದುರಿಗೆ ಎದೆಮಟ್ಟ ಕಡತಗಳಿದ್ದವು. ಹಾರೋಹಳ್ಳಿಯವನ್ನೂ ಅವುಗಳ ಮೇಲೆ ಪೇರಿಸಿದ ಹಾಗೆ ಕಣ್ಣಿಗೆ ಕಟ್ಟಿತು. "ಈ ಶಾಖೆಯಲ್ಲಿ ಕೆಲಸದ ಒತ್ತಡ ವಿಪರೀತವಿದ್ದು, ಒಪ್ಪಲು ಸಾಧ್ಯವಿಲ್ಲ" ಎಂದು ಬರೆದು ಸಹಿ ಹಾಕಿದರು. ಮೂರನೇ ಮೇಜಿನವರೂ ಅದೇ ಮಾತು ಬರೆದರು.

"ನಿಮ್ ಜೊತೆಯೋರೇ ಒಪ್ಪದ ಮೇಲೆ ನಾನೇನ್ ಮಾಡ್ಲಮ್ಮ?" ಎಂದು ದೊಡ್ಡಮುನಿಯಪ್ಪ ನಿಜವಾಗಿಯೂ ನೊಂದುಕೊಂಡರು.

ಮರುದಿನ ಎರಡು ಆದೇಶ ಹೊರಟವು. ಮೊದಲನೆಯದರಲ್ಲಿ, ಕಚೇರಿಯ ಹಿತ ಕಾಯ್ದ ಎರಡು ಮತ್ತು ಮೂರನೇ ಮೇಜಿನವರಿಗೆ ಮೆಚ್ಚುಗೆ. ಇನ್ನೊಂದು, ಸಹೋದ್ಯೋಗಿಗಳ ವಿಶ್ವಾಸ ಗಳಿಸಲು ವಿಫಲರಾದ ಒಂದನೇ ಮೇಜಿನವರಿಗೆ ಕಾರಣ ಕೇಳುವ ನೋಟಿಸು. ಎರಡನ್ನೂ ಟೈಪು ಮಾಡಿ, ರವಾನಿಸಿ, ಸ್ವೀಕರಿಸಿದವರು ನಾಗಲಕ್ಷ್ಮಮ್ಮ. ನೋಟಿಸಿಗೆ ಎರಡು ಪುಟ ಉತ್ತರ ಬರೆದರು. ಅದನ್ನು ಪರಿಶೀಲಿಸುವುದು ಸಿಬ್ಬಂದಿ ಶಾಖೆಯ ಕೆಲಸ. ಅಲ್ಲಿ ಕೂತು ಎರಡು ಸಲ ಓದಿ, "ಸಮಾಧಾನಕರವಾಗಿಲ್ಲ" ಎಂದು ಷರಾ ಬರೆದರು.

"ಬರವಣಿಗೆ ಚೆನ್ನಾಗೇ ಇತ್ತಲ್ಲಮ್ಮ?" ಎಂದ ಅಸದುಲ್ಲಾ.

"ಚೆನ್ನಾಗಿತ್ತು ಕಣಪ್ಪ. ಸಾಕಷ್ಟು ಆಧಾರ ಇರ್ಲಿಲ್ಲ."

ಅವನು "ಆಧಾರ ಬೇಕೇ ಬೇಕು" ಎಂದು ತಲೆಯಾಡಿಸಿ ಲೋಟ ತೆಗೆದುಕೊಂಡು ಹೋದ.

ಗುರುವಾರ ಮಧ್ಯಾಹ್ನ ಮಗಳು ಆಸ್ಪತ್ರೆಯಿಂದ ಫೋನು ಮಾಡಿದಳು. ದನಿ ಸೋತಿತ್ತು. "ಯವ್ವಾ, ಹೆಣ್ಮಗು. ಇಬ್ರೂ ಚೆನ್ನಾಗಿದ್ದೀವಿ. ಯಾವಾಗ ಬತ್ತೀಯಾ?"

ನಾಗಲಕ್ಷ್ಮಮ್ಮನ ಕಣ್ಣು ತುಂಬಿತು. "ರಜಾ ಸಿಕ್ನಿಲ್ಲ ಕಣವ್ವ."

"ಯಾರವ್ವ ಅದು, ಕೊಡ್ದೇ ಇರೋರು?"

"ನಾನೇ."

ಮಗಳು ಸಮಾಧಾನ ಹೇಳಿದಳು: "ಹೋಗ್ಲಿ ಬುಡವ್ವ. ನಿನ್ ಕೈಲಿ ತಾನೇ ಏನೈತೆ?"