ಚಂದ್ರ ಹುಟ್ಟದ ಊರಿನಲ್ಲಿ ಅಕ್ಕನ ಕೊನೆಯ ಸಂಕಷ್ಟಿ

ನಾವು ನಾಲ್ವರು ಸೇರಿ ಪ್ರವಾಸ ಹೊರಟು, ಒಮ್ಮೆಯಾದರೂ ಎದೆ ಧಸಕ್ಕೆನ್ನದೆ ಮನೆಗೆ ವಾಪಸು ಬಂದದ್ದಿಲ್ಲ. ನಾಲ್ವರೆಂದರೆ ಫ್ಲೋರಲ್ ಪಾರ್ಕ್‌ನ ನಾನು, ನನ್ನ ಹೆಂಡತಿ. ಅಲ್ಲಿಂದ ಒಂದು ಗಂಟೆ ದಾರಿಯ ನ್ಯೂಜೆರ್ಸಿಯ ಮೆಟುಚೆನ್‌ನ ಡಾಕ್ಟರು, ಅವರ ಹೆಂಡತಿ. ಧಾರವಾಡದ ಕಡೆಯ ಆಕೆಯನ್ನು ಅಲ್ಲಿಯ ಕನ್ನಡಿಗರೆಲ್ಲ ಅಕ್ಕ ಎಂದೇ ಕರೆಯುವುದು, ಸ್ವಲ್ಪ ಹೆದರಿಕೊಂಡು.

ಈ ಸಲ ನಾರ್ವೆಗೆ ಹೋದೆವು. "ಚಳಿಗೆ ಹೆಸರಾದ ದೇಶ, ಜೂನ್‌ನಲ್ಲಿ ಹಿತವಾಗಿರುತ್ತೆ" ಎಂದು ಎಲ್ಲರನ್ನೂ ಹೊರಡಿಸಿದವನು ನಾನೇ. ಅಕ್ಕನಿಗೆ ಮಾತ್ರ ಒಂದು ಚಿಂತೆಯಿತ್ತು. ಮೂವತ್ತು ದಾಟಿದ ಮಗ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಅವನಿಗೊಂದು ಹುಡುಗಿ ಸಿಗಲಿ ಎಂದು ಅಕ್ಕ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತಿದ್ದರು. ದಿನವಿಡೀ ಉಪವಾಸ, ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು, ಆಮೇಲೆ ಊಟ. ಇಪ್ಪತ್ತು ಮುಗಿದಿದ್ದವು. ಕೊನೆಯದು ಪ್ರವಾಸದ ನಡುವೆ ಬೀಳುತ್ತಿತ್ತು.

"ಇದೊಂದ ತಪ್ಪಿತಂದ್ರ ಮತ್ತ ಮೊದಲಿಂದ ಶುರು ಮಾಡ್ಬೇಕ್ರೀ," ಎಂದರು.

"ಚಂದ್ರ ಎಲ್ಲಾ ದೇಶದಲ್ಲೂ ಇರ್ತಾನೆ, ಬನ್ನಿ ಅಕ್ಕ," ಎಂದು ಧೈರ್ಯ ತುಂಬಿದವನೂ ನಾನೇ. ಮಹಾ ಬುದ್ಧಿವಂತ.

ಮಂಕಿ ಕ್ಯಾಪ್

ಓಸ್ಲೊದಲ್ಲಿ ವಿಮಾನ ಇಳಿಯುವ ಮೊದಲೇ ಡಾಕ್ಟರು ಸಿದ್ಧರಾಗಿದ್ದರು. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಜನವರಿಯಲ್ಲಿ ಡ್ರೈವ್‌ವೇಯ ಹಿಮ ತೆಗೆಯುವಾಗ ತೊಡುವ ಜಾಕೆಟ್, ತಲೆಗೆ ಮಂಕಿ ಕ್ಯಾಪ್. ಹೊರಗೆ ಬಂದರೆ ಬಿಸಿಲು ಎಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್. ಹೋಟೆಲಿನಲ್ಲಿ ಎಸಿ ಇಲ್ಲ. "ನಮ್ಮ ದೇಶದಲ್ಲಿ ಅದರ ಅಗತ್ಯ ಬೀಳುವುದಿಲ್ಲ" ಎಂದು ಅಲ್ಲಿಯ ಹುಡುಗ ಹಣೆಯ ಬೆವರು ಒರೆಸಿಕೊಳ್ಳುತ್ತ ವಿವರಿಸಿದ.

ಗಾಳಿಗಾಗಿ ಸಮುದ್ರದ ದಂಡೆಗೆ ಹೋದೆವು. ಊರಿಗೆ ಊರೇ ಅಲ್ಲಿ ಹಲಗೆಗಳ ಮೇಲೆ ಹಪ್ಪಳ ಒಣಗಲು ಹಾಕಿದ ಹಾಗೆ ಮಲಗಿತ್ತು, ಮೈಮೇಲೆ ಬಟ್ಟೆ ಇದೆ ಅಂದರೆ ಇದೆ. ಅಕ್ಕ ದಂಗಾಗಿ ನಿಂತರು. "ಅಯ್ಯ ನನ ಶಿವನ! ಇವ್ರಿಗೆಲ್ಲಾ ಏನಾಗೇದ್ರೀ?"

ಆದರೆ ಅಲ್ಲಿದ್ದವರು ದಂಗಾಗಿದ್ದು ನಮ್ಮನ್ನು ನೋಡಿ. ವಯಸ್ಸಾದ ಹೆಂಗಸೊಬ್ಬಳು ಎದ್ದು ಬಂದು, ಬೆವರು ಸುರಿಸುತ್ತಿದ್ದ ಡಾಕ್ಟರನ್ನು, "ಹುಷಾರಿಲ್ಲವೇ? ಡಾಕ್ಟರನ್ನು ಕರೆಸಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಾನೇ ಡಾಕ್ಟರ್," ಎಂದರು ಇವರು, ಮಂಕಿ ಕ್ಯಾಪಿನೊಳಗಿಂದ.

ಆಕೆ ಮರುಕದಿಂದ ಅಕ್ಕನ ಭುಜ ತಟ್ಟಿ ಹೊರಟುಹೋದಳು.

ಬೆಳಗಿನ ಪೇಢಾ

ಬರ್ಗೆನ್‌ನಲ್ಲಿ ಬೆಳಗಿನ ತಿಂಡಿಗೆ ಹೋದಾಗ ಅಕ್ಕ ಜೋರಾಗಿ ಕೂಗಿದರು, "ಅಯ್ಯ, ನಮ್ಮ ಪೇಢಾ!" ಮೀನಿನ ತಟ್ಟೆಗಳ ಪಕ್ಕದಲ್ಲಿ ಕಂದು ಬಣ್ಣದ ದೊಡ್ಡ ಗಟ್ಟಿಯೊಂದಿತ್ತು. ನೋಡಲು ಥೇಟ್ ಧಾರವಾಡ ಪೇಢಾದ ಹಿಟ್ಟೇ. ಹತ್ತು ದಿನದಿಂದ ಸಿಹಿ ಕಾಣದವರ ಹಾಗೆ ನಾವೆಲ್ಲ ಮುತ್ತಿಕೊಂಡೆವು. ಸಂಕಷ್ಟಿಯ ನೈವೇದ್ಯಕ್ಕೂ ಇರಲಿ ಎಂದು ಅಕ್ಕ ನಾಲ್ಕು ದಪ್ಪ ತುಂಡು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಬಾಯಿಗಿಟ್ಟ ಡಾಕ್ಟರ ಮುಖ ನೋಡಬೇಕಿತ್ತು. ಮೊದಲು ಸಿಹಿ, ಆಮೇಲೆ ಉಪ್ಪು, ಆಮೇಲೆ ಹೇಳಲಾಗದ ಒಂದು ವಾಸನೆ. ಬಡಿಸುತ್ತಿದ್ದವನನ್ನು ಕೇಳಿದರೆ, ಅದು ಆಡಿನ ಹಾಲಿನ ಚೀಸು, ತೆಳ್ಳಗೆ ಕೆರೆದು ಬ್ರೆಡ್ಡಿನ ಮೇಲೆ ಹಾಕಿಕೊಳ್ಳಬೇಕು ಎಂದ.

ಅಕ್ಕ ಕರವಸ್ತ್ರ ಬಿಚ್ಚಿ ಒಂದೊಂದೇ ತುಂಡನ್ನು ವಾಪಸು ಇಟ್ಟರು. "ಸದ್ಯ, ಗಣಪ್ಪನ ಮುಂದ ಇಟ್ಟಿರ್ಲಿಲ್ಲ. ಇಲಿ ಸೈತ ಓಡಿಹೋಗ್ತಿತ್ತು!"

ಅಕ್ಕನ ಕಾನೂನು

ಅಲ್ಲಿಂದ ಉತ್ತರದ ತುದಿಯ ಟ್ರಾಮ್ಸೊಗೆ ಹಾರಿದೆವು. ಬೇಸಿಗೆಯಲ್ಲಿ ಅಲ್ಲಿ ನಡುರಾತ್ರಿಯಲ್ಲೂ ಸೂರ್ಯ ಕಾಣುತ್ತಾನೆ ಎಂದು ನಾನೇ ಎಲ್ಲರಿಗೂ ವಿಡಿಯೊ ತೋರಿಸಿದ್ದೆ. ಡಾಕ್ಟರು ಅದನ್ನು ಸರಿಯಾಗಿ ನೋಡಿರಲಿಲ್ಲ.

ಡಾಕ್ಟರಿಗೆ ಒಂದು ಪೆಗ್ಗಿನ ಅನುಮತಿಯುಂಟು, ಆದರೆ ಸೂರ್ಯ ಮುಳುಗಿದ ಮೇಲೆ. ಮದುವೆಯಾದಾಗಿನಿಂದ ಅಕ್ಕ ಸಡಿಲಿಸದ ಕಾನೂನು ಅದು. ಡ್ಯೂಟಿ ಫ್ರೀಯ ಬಾಟಲಿ ಮುಂದಿಟ್ಟುಕೊಂಡು ಡಾಕ್ಟರು ಕಿಟಕಿಯ ಬಳಿ ಕೂತರು. ಎಂಟಾಯಿತು, ಹತ್ತಾಯಿತು. ಸೂರ್ಯ ಗುಡ್ಡದ ಮೇಲೆ ಪಕ್ಕಕ್ಕೆ ಸರಿಯುತ್ತಿದ್ದಾನೆಯೇ ಹೊರತು ಕೆಳಗಿಳಿಯುವ ಲಕ್ಷಣವಿಲ್ಲ.

"ಗಡಿಯಾರದಾಗ ರಾತ್ರಿ ಆಗೇದಲ್ಲ!" ಎಂದು ಗೋಗರೆದರು.

"ನಾ ಗಡಿಯಾರ ಅಂದಿಲ್ಲ, ಸೂರ್ಯ ಅಂದೇನಿ," ಎಂದರು ಅಕ್ಕ.

ಡಾಕ್ಟರು ತಡೆಯಲಾರದೆ ಕೆಳಗಿಳಿದು, ಕೌಂಟರಿನ ಹುಡುಗಿಯನ್ನು ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂದು ಕೇಳಿದರು. ಆಕೆ ನಕ್ಕು ಹೇಳಿದಳು, "ಜುಲೈ ಕೊನೆಯಲ್ಲಿ."

ಚಂದ್ರನ ವಿಚಾರಣೆ

ಮರುದಿನವೇ ಸಂಕಷ್ಟಿ. ಅಕ್ಕ ಚಹಾ ಬಿಟ್ಟು ಏನೂ ಮುಟ್ಟಲಿಲ್ಲ. ಸಂಜೆ, ಚಂದ್ರೋದಯ ಎಷ್ಟಕ್ಕೆ ಎಂದು ನಾನು ಫೋನಿನಲ್ಲಿ ನೋಡಿದೆ. ಸಮಯ ಇರಬೇಕಾದ ಜಾಗದಲ್ಲಿ ಒಂದು ಗೆರೆಯಿತ್ತು. ಮೂವತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿದವನು ಮಾಡುವುದನ್ನೇ ಮಾಡಿದೆ: ಫೋನ್ ಆರಿಸಿ ಮತ್ತೆ ಹಚ್ಚಿದೆ. ಗೆರೆ ಹಾಗೇ ಇತ್ತು. ನನಗೆ ಬೆವರೊಡೆಯಿತು.

ಕೌಂಟರಿನ ಹುಡುಗಿಯೇ ಬಿಡಿಸಿ ಹೇಳಿದಳು. ಬೇಸಿಗೆಯಲ್ಲಿ ಹುಣ್ಣಿಮೆಯ ಆಸುಪಾಸು ಅಲ್ಲಿ ಚಂದ್ರ ಮೇಲೇಳುವುದೇ ಇಲ್ಲವಂತೆ. "ಚಳಿಗಾಲದಲ್ಲಿ ಬನ್ನಿ, ಆಗ ಮುಳುಗುವುದೇ ಇಲ್ಲ."

ಅಕ್ಕ ಕುರ್ಚಿಯಲ್ಲಿ ಕುಸಿದರು. "ಇಪ್ಪತ್ತೂ ನೀರಾಗ ಹೋದ್ವು. ನನ್ನ ಮಗನ ಮದ್ವಿ ಇನ್ನ ಆದಂಗನ." ಕಣ್ಣಲ್ಲಿ ನೀರು ನಿಂತಿತ್ತು. ಕರೆದುಕೊಂಡು ಬಂದವನು ನಾನಲ್ಲವೇ?

ಕೂಡಲೇ ನ್ಯೂಜೆರ್ಸಿಯ ಪುರೋಹಿತರಿಗೆ ಫೋನ್ ಹಚ್ಚಿದೆ. ಅವರು ಯಾವುದೋ ಗೃಹಪ್ರವೇಶಕ್ಕೆ ಡ್ರೈವ್ ಮಾಡುತ್ತಿದ್ದರು. "ಹರಕೆಯ ಸಂಕಲ್ಪ ಎಲ್ಲಿ ಮಾಡಿದ್ದು? ಮೆಟುಚೆನ್‌ನಲ್ಲಾ? ಹಾಗಾದ್ರೆ ಮೆಟುಚೆನ್ ಚಂದ್ರನನ್ನೇ ನೋಡ್ಲಿ."

"ವಿಡಿಯೊದಲ್ಲಿ ನೋಡಬಹುದೇ, ಆಚಾರ್ರೇ?"

"ಕೋವಿಡ್‌ನಲ್ಲಿ ಮದುವೆಗಳನ್ನೇ ಜೂಮ್‌ನಲ್ಲಿ ಮಾಡಿಸಿದ್ದೀನಿ ಸ್ವಾಮಿ, ಚಂದ್ರ ಯಾವ ಲೆಕ್ಕ!" ಎಂದು ಅವರು ಹೆದ್ದಾರಿಯ ಮುಂದಿನ ಎಕ್ಸಿಟ್ ಹಿಡಿದರು.

ಡಾಕ್ಟರು ಮಾತ್ರ ಹಿಂದಿನ ರಾತ್ರಿಯ ಸೇಡು ತೀರಿಸಿಕೊಂಡರು. "ಗಡಿಯಾರದಾಗ ರಾತ್ರಿ ಆಗೇದ, ಉಣ್ಣಬಾರದೇನು?"

ಮೆಟುಚೆನ್ ಚಂದ್ರ

ಮೆಟುಚೆನ್‌ನಲ್ಲಿ ನಡುರಾತ್ರಿಯ ಹೊತ್ತಿಗೆ ಚಂದ್ರ ಮೇಲೆ ಬಂದಾಗ ನಮಗೆ ಬೆಳಗಾಗಿತ್ತು, ಅಂದರೆ ಗಡಿಯಾರದ ಪ್ರಕಾರ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅಕ್ಕ ರೇಷ್ಮೆ ಸೀರೆಯುಟ್ಟು, ಹೋಟೆಲಿನ ಕಾಫಿ ಲೋಟದಲ್ಲಿ ನೀರು ಹಿಡಿದು, ಕೆಳಗೊಂದು ತಟ್ಟೆ ಇಟ್ಟುಕೊಂಡು ಕೂತಿದ್ದರು.

ಮಗನಿಗೆ ಫೋನ್ ಮಾಡಿದರು. "ಅಮ್ಮಾ, ಐ ಆಮ್ ಇನ್ ಬೆಡ್," ಎಂದ.

"ಎದ್ದ ಹಿತ್ತಲಕ್ಕ ಹೋಗಪಾ. ಚಂದ್ರನ್ನ ತೋರಿಸು. ನಿನ್ನ ಸಲುವಾಗೇ ಉಪಾಸ ಕೂತೇನಿ."

ಅಷ್ಟರಲ್ಲಿ ನನ್ನ ಹೆಂಡತಿ ಮೆಲ್ಲಗೆ ನನ್ನ ಕಿವಿಯಲ್ಲಿ, "ಈ ಹುಡುಗರು ಮಲಗೋದೇ ಇಷ್ಟು ಹೊತ್ತಿಗೆ. ನಮ್ಮವಳನ್ನ ನೋಡಿ, ಫ್ಲೋರಲ್ ಪಾರ್ಕ್‌ನಲ್ಲಿ ಒಬ್ಬಳೇ ಇದ್ರೂ ಹತ್ತಕ್ಕೆ ಲೈಟ್ ಆಫ್," ಎಂದಳು. ನಮ್ಮ ಮಗಳ ಶಿಸ್ತಿನ ಬಗ್ಗೆ ನನಗೂ ಹೆಮ್ಮೆಯೇ.

ಪರದೆಯ ಮೇಲೆ ಮೊದಲು ಕತ್ತಲೆ, ಆಮೇಲೆ ಬೇಲಿ, ಆಮೇಲೆ ಮರದ ಸಂದಿಯಲ್ಲಿ ಬೆಳ್ಳಗೆ ಅರ್ಧಮರ್ಧ ಚಂದ್ರ. ಅಕ್ಕ ಕಣ್ಣೀರಿಡುತ್ತ ಅರ್ಘ್ಯ ಬಿಟ್ಟರು. ಡಾಕ್ಟರೂ ಕೈ ಮುಗಿದರು.

ಆಗ ಫೋನಿನಿಂದ ಒಂದು ಹೆಣ್ಣುಧ್ವನಿ ಕೇಳಿತು. "ಲೆಫ್ಟ್‌ಗೆ ಹಿಡಿಯೋ, ಬ್ರಾಂಚ್ ಅಡ್ಡ ಬರ್ತಿದೆ. ಪೂರ್ ಆಂಟಿ, ಶೀ ಮಸ್ಟ್ ಬಿ ಸ್ಟಾರ್ವಿಂಗ್!"

ನನ್ನ ಹೆಂಡತಿಯ ಉಗುರು ನನ್ನ ತೋಳಿಗೆ ನಾಟಿತು. ಆ ಧ್ವನಿ ನಮಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತು. ಗಾಬರಿಯಲ್ಲಿ ಹುಡುಗ ಏನು ಒತ್ತಿದನೋ, ಕ್ಯಾಮೆರಾ ತಿರುಗಿತು. ಚಂದ್ರ ಹೋಗಿ ಎರಡು ಮುಖ ಬಂದವು. ಒಂದು ಅವನದು. ಇನ್ನೊಂದು, ಹತ್ತಕ್ಕೆ ಲೈಟ್ ಆಫ್ ಮಾಡುವ ನಮ್ಮ ಮಗಳದು.

"ಹಾಯ್ ಅಪ್ಪಾ," ಎಂದಳು.

ಹೆಂಡತಿ ಮಂಚದ ಮೇಲೆ ಕೂತುಬಿಟ್ಟಳು. ಡಾಕ್ಟರು ಮುಗಿದ ಕೈ ಇಳಿಸುವುದನ್ನೇ ಮರೆತರು. ಅಕ್ಕನ ಕೈಯಲ್ಲಿ ಲೋಟ ಓರೆಯಾಗಿ ಉಳಿದ ನೀರೆಲ್ಲ ಸೀರೆಯ ಮೇಲೆ ಸುರಿಯಿತು.

"ಎಂದಿನಿಂದ ನಡದದ ಇದು?" ಎಂದು ಅಕ್ಕ ನಿಧಾನವಾಗಿ ಕೇಳಿದರು.

"ಹೋದ ವರ್ಷ, ಯುಗಾದಿ ಪ್ರೋಗ್ರಾಮ್," ಎಂದ ಮಗ, ಕೇಳಿಸಿಯೂ ಕೇಳಿಸದ ಹಾಗೆ.

ಅಕ್ಕ ಬೆರಳು ಮಡಚಿ ತಿಂಗಳು ಎಣಿಸಿದರು. ನಮ್ಮ ಮಗಳನ್ನು ಕಣ್ತುಂಬ ನೋಡಿದರು. ಮುಖದಲ್ಲಿ ನಗು ಮೂಡಿತು, ಮರುಕ್ಷಣ ಮಾಯವಾಗಿ ಕೆಂಡದಂಥ ಕೋಪ ಬಂತು.

"ಅಂದ್ರ ಗಣಪ್ಪ ಆರನೇ ಸಂಕಷ್ಟಿಗೇ ಕೊಟ್ಟಬಿಟ್ಟಿದ್ದ! ಉಳಿದ ಹದಿನೈದ ಉಪಾಸ ನನ್ನ ಕಡಿಂದ ಯಾಕ ಮಾಡಿಸಿದ್ಯೋ, ಭಾಡ್ಯಾ?"